ಗಿರಾಕಿಯ ಬ್ಲೌಸ್ ಪೀಸ್ ನನ್ನ ಕೋಣೆಯಲ್ಲೇ ಕಳೆದುಹೋಗಿತ್ತು. ಹೊಲಿಗೆ ಕೋಣೆ ಹೇಗೆ ಜೋಡಿಸಲಿ?

ಸೂಜಿಮಲ್ಲಿಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಏಳು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಫಾಲ್ಸ್, ಜಿಗ್‌ಜಾಗ್, ಕುಚ್ಚು ಕೂಡ ಮಾಡಿಕೊಡುತ್ತೇನೆ. ಕೆಲಸ ಬೇಕಾದಷ್ಟು ಬರುತ್ತದೆ, ಜಾಗ ಮಾತ್ರ ಇಲ್ಲ.

ಕೋಣೆ 10 ಅಡಿ ಉದ್ದ, 9 ಅಡಿ ಅಗಲ. ಒಂದು ಗೋಡೆಗೆ ದಿವಾನ ಮಂಚ, ಇನ್ನೊಂದಕ್ಕೆ ಬೀರು, ಮೂಲೆಯಲ್ಲಿ ಅತ್ತೆಯವರ ಮದುವೆ ಟ್ರಂಕು. ಬಾಗಿಲ ಪಕ್ಕ ಮಷಿನ್ನು ಮತ್ತು ಇಸ್ತ್ರಿ ಮೇಜು. ಬಟ್ಟೆ ಕತ್ತರಿಸುವುದು ಮಂಚದ ಮೇಲೆ, ಬಗ್ಗಿಕೊಂಡು. ನೆಂಟರು ಬಂದರೆ ಮಲಗುವುದೂ ಅದೇ ಮಂಚದ ಮೇಲೆ. ಆಗ ಹರಡಿದ್ದನ್ನೆಲ್ಲ ಬಾಚಿ, ಕೈಗೆ ಸಿಕ್ಕಿದ ಕವರಿಗೆ ತುರುಕುತ್ತೇನೆ. ಎಡವಟ್ಟಾಗಿದ್ದು ಅಲ್ಲೇ.

ವೈಶಾಖದಲ್ಲಿ ಪಕ್ಕದ ಬೀದಿಯ ಅಮ್ಮ ಒಬ್ಬರು ಮಗಳ ಮದುವೆಗೆ ಆರು ಬ್ಲೌಸ್ ಕೊಟ್ಟಿದ್ದರು. ಅದರಲ್ಲಿ ಧಾರೆ ಸೀರೆಯದೂ ಇತ್ತು. ಅರಿಶಿನ ಬಣ್ಣದ ರೇಷ್ಮೆ, ಮೂರು ಬೆರಳು ಅಗಲದ ಕೆಂಪು ಅಂಚು, ಅಂಚಿನ ತುಂಬ ಸಣ್ಣ ಸಣ್ಣ ರುದ್ರಾಕ್ಷಿ. ಸೀರೆಯಿಂದಲೇ ಕತ್ತರಿಸಿದ ಪೀಸು. ಮದುವೆಗೆ ಐದು ದಿನ ಇದೆ ಅನ್ನುವಾಗ ಹುಡುಕಿದರೆ ಇಲ್ಲ. ಟ್ರಂಕು, ಬೀರು, ಅಟ್ಟ, ಮಂಚದ ಕೆಳಗೆ, ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಕೂಡ ನೋಡಿದೆ. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಕೊನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೂರು ಅಂಗಡಿ ತಿರುಗಿ, ಹತ್ತಿರದ ಬಣ್ಣದ್ದನ್ನು ನನ್ನ ದುಡ್ಡಿನಲ್ಲಿ ತಂದು ಹೊಲಿದುಕೊಟ್ಟೆ. ಅಂಚು ಕೂಡಲಿಲ್ಲ. ಆ ಹುಡುಗಿ ಅದನ್ನೇ ಹಾಕಿಕೊಂಡು ಧಾರೆ ಎರೆಸಿಕೊಂಡಳು.

ಮದುವೆ ಆಗಿ 12 ದಿನಕ್ಕೆ ಸಿಕ್ಕಿತು. ಲೈನಿಂಗ್ ಕಟ್ಟಿನ ನಡುವೆ, ಬೇರೆ ಯಾರದ್ದೋ ಫಾಲ್ಸ್ ಇದ್ದ ಅಂಗಡಿ ಕವರಿನೊಳಗೆ. ನಾಲ್ಕು ಮಡಿಕೆ, ಮೇಲೆ ನಾನೇ ಹಾಕಿದ ಚಾಕಿನ ಗುರುತು. ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಅಮ್ಮ ಒಂದು ಮಾತೂ ಬೈಯಲಿಲ್ಲ. "ಇರಲಿ ಬಿಡಮ್ಮ, ನಿನ್ ಹತ್ರಾನೇ ಇಟ್ಕೊಂಡಿರು, ಆಮೇಲೆ ನೋಡೋಣ" ಅಂದರು. ಆಮೇಲೆ ಆ ಮನೆಯಿಂದ ಯಾರೂ ಬರಲಿಲ್ಲ.

ಪ್ಲಾಸ್ಟಿಕ್ ಡಬ್ಬಿ ಆರು ತಂದು ನೋಡಿದ್ದೇನೆ. ಲೇಸ್, ಲೈನಿಂಗ್, ಪೀಸ್ ಅಂತ ಚೀಟಿ ಕೂಡ ಅಂಟಿಸಿದೆ. ಒಂದು ತಿಂಗಳಲ್ಲಿ ಎಲ್ಲ ಡಬ್ಬಿಯಲ್ಲೂ ಎಲ್ಲವೂ ಸೇರಿಕೊಂಡಿತ್ತು. ತುಂಡು ಬಟ್ಟೆ ಎರಡು ಗೋಣಿಚೀಲ ಇದೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬ್ಲೌಸ್ ಪೀಸುಗಳು ನನ್ನದು, ಅತ್ತೆಯವರದ್ದು ಸೇರಿ ಟ್ರಂಕಿನ ಮುಕ್ಕಾಲು ತುಂಬಿವೆ. ಗಿರಾಕಿಗಳು ಬಿಟ್ಟುಹೋದ ಅಳತೆ ಬ್ಲೌಸುಗಳು ಬೇರೆ. ಯಾವುದು ಯಾರದು ಅಂತ ಈಗ ಗೊತ್ತಾಗುವುದಿಲ್ಲ.

ಈಗ ಆಷಾಢ, ಮದುವೆ ಇಲ್ಲ, ಕೈ ಸ್ವಲ್ಪ ಖಾಲಿ ಇದೆ. ಶ್ರಾವಣ ಬಂತು ಅಂದರೆ ವರಮಹಾಲಕ್ಷ್ಮಿಗೆ ಹೊಲಿಯುವಷ್ಟರಲ್ಲಿ ಉಸಿರು ಬಿಡುವುದಕ್ಕೂ ಪುರಸೊತ್ತು ಇರುವುದಿಲ್ಲ. ಅಷ್ಟರೊಳಗೆ ಸರಿ ಮಾಡಲೇಬೇಕು. 3000 ರೂಪಾಯಿ ಎತ್ತಿಟ್ಟಿದ್ದೇನೆ. ಹೊಸ ಕಪಾಟು ಮಾಡಿಸುವಷ್ಟು ಶಕ್ತಿ ಇಲ್ಲ. ಎಲ್ಲಿಂದ ಶುರು ಮಾಡಲಿ, ದಯವಿಟ್ಟು ಹೇಳಿ.

ಹಳೇಕತ್ತರಿ, ಮೈಸೂರು

ಓದುತ್ತಾ ಹೊಟ್ಟೆಯೊಳಗೆ ಒಂಥರಾ ಆಯ್ತಮ್ಮ. ನಾನು 26 ವರ್ಷದಿಂದ ಹೊಲಿಯುತ್ತಿದ್ದೇನೆ. ಒಂದು ಸಲ ನನ್ನ ಕೈಯಲ್ಲೂ ಒಬ್ಬರ ಸೀಮಂತದ ಬ್ಲೌಸ್ ಪೀಸ್ ಕಳೆದಿತ್ತು. ಅದು ಸಿಗಲೇ ಇಲ್ಲ. ನಿಮ್ಮದು ಸಿಕ್ಕಿದೆ, ಅದನ್ನು ಮೊದಲು ನೆನಪಿಟ್ಟುಕೊಳ್ಳಿ.

ನೀವು ಡಬ್ಬಿಗಳಿಗೆ ಚೀಟಿ ಅಂಟಿಸಿದ್ದು ವಸ್ತುವಿನ ಹೆಸರಿನಲ್ಲಿ. ಅದಕ್ಕೇ ನಿಲ್ಲಲಿಲ್ಲ. ನಮ್ಮ ಕೋಣೆಯಲ್ಲಿ ಎರಡೇ ಜಾತಿ ಬಟ್ಟೆ ಇರುವುದು, ಬೇರೆಯವರದ್ದು ಮತ್ತು ನಮ್ಮದು. ಮೊದಲ ದಿನ ಬೇರೇನೂ ಮಾಡಬೇಡಿ. ಒಂದು ಹಳೆ ಸೀರೆ ನೆಲಕ್ಕೆ ಹಾಸಿ, ಬೇರೆಯವರ ಬಟ್ಟೆ ಎಲ್ಲಿ ಎಲ್ಲಿ ಇದೆಯೋ ಅದನ್ನೆಲ್ಲ ಅದರ ಮೇಲೆ ತಂದು ಹಾಕಿ. ಪೀಸು, ಸೀರೆ, ಅಳತೆ ಬ್ಲೌಸು, ಅವರೇ ಕೊಟ್ಟ ಲೇಸು, ಎಲ್ಲ. ಉಳಿದದ್ದು ಆಮೇಲೆ ನೋಡಿದರಾಯ್ತು.

ಆಮೇಲೆ ಗಿರಾಕಿಗೆ ಒಂದು ಚೀಲ. ಇದಕ್ಕೆ ದುಡ್ಡು ಹಾಕುವುದು ಬೇಡ. ನಿಮ್ಮ ಟ್ರಂಕಿನಲ್ಲಿ ಇದೆಯಲ್ಲ, ಅರಿಶಿನ ಕುಂಕುಮದ ಪೀಸುಗಳು, ಅದರಲ್ಲೇ ಹೊಲಿಯಿರಿ. ಒಂದು ಪೀಸಿನಲ್ಲಿ 12 ಇಂಚು ಅಗಲ, 16 ಇಂಚು ಉದ್ದದ ಎರಡು ಚೀಲ ಆರಾಮಾಗಿ ಆಗುತ್ತವೆ. ಬಾಯಿಗೆ ನೇಫಾ ಹೊಲಿದು ಲಾಡಿ ಏರಿಸಿ. ಕಾಟನ್ ಪೀಸಿನ ಚೀಲಗಳನ್ನು ರೇಷ್ಮೆಗೆ ಅಂತ ಬೇರೆ ಇಡಿ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜಾಸ್ತಿ ದಿನ ಇಡಬಾರದು, ಮಳೆಗಾಲದಲ್ಲಂತೂ ತೇವ ಕೂತು ಜರಿ ಕಪ್ಪಾಗುತ್ತದೆ. ನುಸಿಗುಳಿಗೆಯೂ ಜರಿಗೆ ತಾಗಬಾರದು. ನಾನು ಬಜೆ ಬೇರಿನ ತುಂಡು ಹಾಕುತ್ತೇನೆ, ಅದನ್ನೂ ಸಣ್ಣ ಬಟ್ಟೆಯಲ್ಲಿ ಗಂಟು ಕಟ್ಟಿ.

ಚೀಲಕ್ಕೆ ನಂಬರು, ಪುಸ್ತಕದಲ್ಲೂ ಅದೇ ನಂಬರು. ಗಿರಾಕಿ ಎದುರಿಗೆ ನಿಂತಿರುವಾಗಲೇ ಅವರನ್ನು ಕೇಳಿ, ಪೀಸಿನ ಮೂಲೆಯಿಂದ ಹೆಬ್ಬೆರಳ ಉಗುರಿನಷ್ಟು ಕತ್ತರಿಸಿ, ಪುಸ್ತಕದ ಆ ಸಾಲಿಗೆ ಪಿನ್ ಹೊಡೆಯಿರಿ. "ಅರಿಶಿನ ಬಣ್ಣದ್ದು" ಅಂತ ಬರೆದರೆ ನಾಳೆ ಮೂರು ಅರಿಶಿನ ಬಣ್ಣದ್ದು ಬಂದಾಗ ಗೊಂದಲ ಆಗುತ್ತದೆ. ತುಂಡು ಅಲ್ಲೇ ಇದ್ದರೆ ಆ ಗೊಂದಲ ಇರುವುದಿಲ್ಲ. ಪೀಸು, ಲೈನಿಂಗು, ಫಾಲ್ಸು, ಅಳತೆ ಬ್ಲೌಸು ಎಲ್ಲ ಅದೇ ಚೀಲಕ್ಕೆ. ಕತ್ತರಿಸಿ ಉಳಿದ ಚೂರು ಕೂಡ ಬ್ಲೌಸ್ ಅವರ ಕೈ ಸೇರುವ ತನಕ ಅದರೊಳಗೇ ಇರಬೇಕು. ತೋಳು ಸಾಲದೆ ಹೋದರೆ, ಪಟ್ಟಿ ಹಾಕಬೇಕಾಗಿ ಬಂದರೆ ಆ ಚೂರೇ ಕೈ ಹಿಡಿಯುವುದು.

ಚೀಲಗಳನ್ನು ಡಬ್ಬಿಯಲ್ಲಿ ಇಡಬೇಡಿ, ನೇತು ಹಾಕಿ. ಪರದೆ ಪೈಪು ಒಂದು ಗೋಡೆಗೆ ಹೊಡೆಸಿ, ಕೊಕ್ಕೆ ಹಾಕಿ. ಮೊದಲು ಕೊಡಬೇಕಾದ್ದು ಬಾಗಿಲ ಕಡೆಗೆ. ಬೆಳಿಗ್ಗೆ ಕೋಣೆಗೆ ಕಾಲಿಟ್ಟ ಕೂಡಲೇ ಇವತ್ತಿನ ಕೆಲಸ ಕಣ್ಣಿಗೆ ಬೀಳಬೇಕು. ನೆಂಟರು ಬಂದರೂ ಆ ಪೈಪನ್ನು ಯಾರೂ ಮುಟ್ಟಬಾರದು, ಮನೆಯವರಿಗೆಲ್ಲ ಹೇಳಿಬಿಡಿ.

ಲೈನಿಂಗನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆ ಮೂಲೆಯಲ್ಲಿ ಬಿಳಿ ದಾರದ ಒಂದು ಟಾಕಾ ಹಾಕಿ. ನೆನೆಸಿದ್ದು ಯಾವುದು, ನೆನೆಸದ್ದು ಯಾವುದು ಅಂತ ಮತ್ತೆ ಯೋಚನೆ ಇರುವುದಿಲ್ಲ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ ಬ್ಲೌಸ್ ಸುಕ್ಕಾಗುತ್ತದೆ, ಅದು ನಿಮಗೆ ಗೊತ್ತಿರುತ್ತದೆ.

ಹುಕ್ಕು, ಗುಂಡಿ, ಪಿನ್ನು ಇವಕ್ಕೆಲ್ಲ ಸ್ಟೀಲಿನ ಮಸಾಲೆ ಡಬ್ಬಿ ಒಂದು ಸಾಕು. ಏಳು ಬಟ್ಟಲು ಇರುತ್ತವೆ, ಮುಚ್ಚಳ ತೆಗೆದರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ನನ್ನದು 15 ವರ್ಷದಿಂದ ಅದೇ ಡಬ್ಬಿ.

ಇನ್ನೊಂದು ಮಾತು. ಮಂಚದ ಮೇಲೆ ಬಗ್ಗಿ ಕತ್ತರಿಸುವುದನ್ನು ಬಿಡಿ. ನನ್ನ ಸೊಂಟ ಹೋಗಿದ್ದು ಹಾಗೇ. ನಿಂತುಕೊಂಡು ಕತ್ತರಿಸಬೇಕು, ಹಲಗೆ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಬರಬೇಕು. ಗೋಡೆಗೆ ಮಡಚುವ ಹಲಗೆ ಹಾಕಿಸಿದರೆ ಕೆಲಸ ಮುಗಿದ ಮೇಲೆ ಇಳಿಸಿಬಿಡಬಹುದು.

ಒಂದು ಕೇಳಲಾ? ವೈಶಾಖದಲ್ಲಿ ಮದುವೆ ಅಂದ್ರಿ. ಈಗ ಆಷಾಢ. ಆ ಹುಡುಗಿ ತವರಿಗೆ ಬಂದಿರ್ತಾಳೆ ಅಲ್ವಾ?

ಶಟಲ್ ರಿಪೇರಿ, ಹುಬ್ಬಳ್ಳಿ

ನಾನು ಮಷಿನ್ ರಿಪೇರಿ ಮಾಡುವವನು. ಮನೆ ಮನೆಗೆ ಹೋಗುತ್ತೇನೆ, ಹಾಗಾಗಿ ಹೊಲಿಗೆ ಕೋಣೆಗಳನ್ನು ಬಹಳ ನೋಡಿದ್ದೇನೆ. ಅಕ್ಕನವರು ಮಷಿನ್ನನ್ನು ಬಾಗಿಲ ಪಕ್ಕ ಇಟ್ಟಿದ್ದೀನಿ ಅಂದಿದ್ದಾರೆ. ಕಿಟಕಿ ಇದ್ದರೆ ಅಲ್ಲಿಗೆ ತನ್ನಿ. ಕೂತಾಗ ಕಿಟಕಿ ನಿಮ್ಮ ಎಡಕ್ಕೆ ಬರಲಿ, ಸೂಜಿ ಇರುವುದೂ ಆ ಕಡೆಗೇ. ದಾರದ ಬಣ್ಣ ಹೊಂದಿಸುವುದಕ್ಕೂ ಹಗಲು ಬೆಳಕೇ ಬೇಕು. ಟ್ಯೂಬ್‌ಲೈಟಿನ ಕೆಳಗೆ ಸರಿ ಕಂಡ ಮೆರೂನ್ ಬಿಸಿಲಿಗೆ ಬಂದರೆ ಬೇರೆಯೇ ಆಗಿರುತ್ತದೆ. ಆದರೆ ದಾರದ ರೀಲುಗಳನ್ನು ಬಿಸಿಲು ಬೀಳುವ ಕಡೆ ಇಡಬೇಡಿ. ಬಣ್ಣ ಹೋಗುತ್ತದೆ, ದಾರ ಪುಡಿಪುಡಿಯಾಗಿ ಹರಿಯುತ್ತದೆ. ಆಮೇಲೆ ಮಷಿನ್ ಕೆಟ್ಟಿದೆ ಅಂತ ನನಗೆ ಫೋನ್ ಬರುತ್ತದೆ.

ಎಣ್ಣೆ ಡಬ್ಬಿ ಯಾವತ್ತೂ ಬಟ್ಟೆಗಿಂತ ಮೇಲಿನ ಶೆಲ್ಫಿನಲ್ಲಿ ಇರಬಾರದು. ಒಂದು ಹನಿ ಸಾಕು, ರೇಷ್ಮೆ ಹಾಳಾಗುವುದಕ್ಕೆ. ಕೆಳಗೆ, ಒಂದು ತಟ್ಟೆಯಲ್ಲಿ ಇಡಿ. ವಾರಕ್ಕೊಮ್ಮೆ ಸೂಜಿ ಕೆಳಗಿನ ಪ್ಲೇಟ್ ಬಿಚ್ಚಿ, ಹಲ್ಲಿನ ಸಂದಿಯಲ್ಲಿ ಕೂತ ನೂಲಿನ ಧೂಳನ್ನು ಹಳೆ ಟೂತ್‌ಬ್ರಷ್‌ನಿಂದ ತೆಗೆಯಿರಿ. ಎಣ್ಣೆ ಬಿಟ್ಟ ಮೇಲೆ ಚಿಂದಿ ಬಟ್ಟೆಯ ಮೇಲೆ ನಾಲ್ಕು ಸಾಲು ಓಡಿಸಿ, ಆಮೇಲೆ ಗಿರಾಕಿ ಬಟ್ಟೆ. ಮುರಿದ ಸೂಜಿಯನ್ನು ಮುಚ್ಚಳ ಇರುವ ಬಾಟಲಿಗೆ ಹಾಕಿ, ಮಕ್ಕಳು ಓಡಾಡುವ ಮನೆ. ಸೂಜಿ ಪ್ಯಾಕೆಟ್ಟುಗಳನ್ನೂ ಬೆರಸಬೇಡಿ. ರೇಷ್ಮೆಗೆ 11, ಸಾದಾ ಬಟ್ಟೆಗೆ 14, ದಪ್ಪಕ್ಕೆ 16, ಬೇರೆ ಬೇರೆ ಇಡಿ.

ಕೌದಿಮನೆ, ಬಾಗಲಕೋಟೆ ಜಿಲ್ಲೆ

ಎರಡು ಗೋಣಿಚೀಲ ತುಂಡು ಅರಿವೆ ಅಂತ ಓದಿ ನನ್ನ ಕೈ ಜುಂ ಅಂದಿತು. ದಯವಿಟ್ಟು ಅದನ್ನು ಕಸಕ್ಕೆ ಹಾಕಬೇಡಿ.

ನಮ್ಮ ಕಡೆ ಎಲ್ಲ ಮನೆಯಲ್ಲೂ ಕೌದಿ ಇರುತ್ತದೆ. ಹಳೆ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಕೈಯಿಂದ ಸಾಲು ಸಾಲಾಗಿ ಟಾಕಾ ಹಾಕುತ್ತಾ ಹೋಗುವುದು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ರೀತಿಯೇ ಬೇರೆ. ಮೂಲೆಯಿಂದ ಶುರು ಮಾಡಿ ಸುತ್ತ ಸುತ್ತ ಒಳಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಸಣ್ಣ ತುಂಡಿನ ಹೂ ಇಡುತ್ತಾರೆ. ಆ ಹೂ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿದ ಹಾಗಲ್ಲ.

ನನ್ನ ಹಾಸಿಗೆ ಮೇಲೆ ಇರುವುದು ಅವ್ವ ಹೊಲಿದದ್ದು. ಬಲಗಡೆ ಕೆಳಗೆ ಒಂದು ಅಂಗೈ ಅಗಲ ನೀಲಿ ಗೆರೆಯ ತುಂಡು ಇದೆ. ಅಪ್ಪನ ಅಂಗಿಯದು. ಜೇಬು ಇದ್ದ ಜಾಗ ಅದು. ಜೇಬಿನಷ್ಟು ಬಟ್ಟೆ ಬಿಸಿಲು ಕಾಣದೆ ಈಗಲೂ ಗಾಢ ನೀಲಿ, ಸುತ್ತ ಬಿಳಚಿಕೊಂಡಿದೆ. ಅಪ್ಪ ಹೋಗಿ 19 ವರ್ಷ ಆಯ್ತು. ಮಲಗುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ನಾನು ಮಾಡುವುದು ಇಷ್ಟೇ. ಅಂಗೈಗಿಂತ ದೊಡ್ಡ ಕಾಟನ್ ತುಂಡು ಕೌದಿಗೆ. ಅದಕ್ಕಿಂತ ಸಣ್ಣದನ್ನು ಇನ್ನೂ ಸಣ್ಣಗೆ ಕತ್ತರಿಸಿ ದಿಂಬಿನೊಳಗೆ ತುಂಬುತ್ತೇನೆ. ಜಾರುವ ಪಾಲಿಸ್ಟರ್ ಕೌದಿಗೆ ಬರುವುದಿಲ್ಲ, ಟಾಕಾ ನಿಲ್ಲುವುದಿಲ್ಲ, ಮೈಗೆ ಬೆವರು ಹೀರುವುದಿಲ್ಲ. ಅದನ್ನು ಕಾಲೊರಸು ಹೆಣೆಯುವವರಿಗೆ ಕೊಟ್ಟುಬಿಡಿ. ಮುಖ್ಯ ಅಂದರೆ ಚೀಲ ಒಂದೇ ಇರಬೇಕು. ತುಂಬಿತು ಅಂದರೆ ಆ ವಾರವೇ ಹೊರಗೆ ಹೋಗಬೇಕು. ನಿಮ್ಮ ಊರಲ್ಲಿ ಕೌದಿ ಹೊಲಿಯುವವರು ಇದ್ದೇ ಇರುತ್ತಾರೆ, ಬಸ್‌ಸ್ಟ್ಯಾಂಡ್ ಕಡೆಯ ಹಳೆ ಬಟ್ಟೆ ಮಾರುವವರನ್ನು ಕೇಳಿ ನೋಡಿ.

ಸೂಜಿಮಲ್ಲಿಗೆ, ದಾವಣಗೆರೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬ ಥ್ಯಾಂಕ್ಸ್.

ಮೊದಲ ದಿನ ಹಳೇಕತ್ತರಿ ಅಕ್ಕ ಹೇಳಿದ ಹಾಗೆ ಸೀರೆ ಹಾಸಿ ಬೇರೆಯವರ ಬಟ್ಟೆಯನ್ನಷ್ಟೇ ತೆಗೆದೆ. ಮಧ್ಯಾಹ್ನ ಊಟದ ಹೊತ್ತಿಗೆ ಸೀರೆ ಕಾಣಿಸದ ಹಾಗೆ ತುಂಬಿತು. 11 ಅಳತೆ ಬ್ಲೌಸು ಸಿಕ್ಕವು. ಫೋಟೋ ತೆಗೆದು ಫೋನಿನಲ್ಲಿ ಸ್ಟೇಟಸ್ ಹಾಕಿದೆ. ಏಳು ಜನ ಬಂದು ತೆಗೆದುಕೊಂಡು ಹೋದರು. ಅವರಲ್ಲಿ ಇಬ್ಬರು ಹಬ್ಬಕ್ಕೆ ಹೊಸ ಪೀಸೂ ಕೊಟ್ಟುಹೋದರು.

ಟ್ರಂಕಿನ ಪೀಸುಗಳನ್ನು ಎಣಿಸಿದೆ, 84 ಇದ್ದವು. ಅತ್ತೆಗೆ ಮೊದಲು ಮನಸ್ಸಿರಲಿಲ್ಲ. "ಮುತ್ತೈದೆಯರು ಕೊಟ್ಟಿದ್ದು, ಚೀಲ ಮಾಡ್ತೀಯಾ?" ಅಂದರು. ನಾನು ಒತ್ತಾಯ ಮಾಡಲಿಲ್ಲ. ಎರಡು ದಿನ ಬಿಟ್ಟು ಅವರೇ ಟ್ರಂಕಿನ ಮುಂದೆ ಕೂತು ಒಂದೊಂದೇ ತೆಗೆದರು. ಗೌರಿ ಹಬ್ಬದ ಬಾಗಿನಕ್ಕೆ ಅಂತ ಚೆನ್ನಾಗಿರುವ 20 ಎತ್ತಿಟ್ಟುಕೊಂಡು, ಉಳಿದದ್ದನ್ನು ನನ್ನ ಕಡೆ ತಳ್ಳಿದರು. ತಳದಲ್ಲಿ ಅವರ ಮದುವೆಯ ಗುಳೇದಗುಡ್ಡದ ಖಣ ಮೂರು ಇದ್ದವು. ಅದನ್ನು ಹಳೆ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟೆವು. ಲಾಡಿ ಏರಿಸುವ ಕೆಲಸ ಪೂರ್ತಿ ಅತ್ತೆಯೇ ಮಾಡಿದರು. ಈಗ 30 ಚೀಲ ಆಗಿವೆ.

ಮಡಚುವ ಹಲಗೆ ಆಗಲಿಲ್ಲ. ನಮ್ಮದು ಹಳೆ ಗೋಡೆ, ಡ್ರಿಲ್ ಹಾಕಿದರೆ ಗಾರೆ ಉದುರಿತು. ಬಡಗಿ ಹತ್ತಿರ 6 ಇಂಚಿನ ಮರದ ದಿಮ್ಮಿ ನಾಲ್ಕು ಮಾಡಿಸಿ, ನಡುವೆ ಗುಳಿ ತೆಗೆಸಿ, ಇಸ್ತ್ರಿ ಮೇಜಿನ ಕಾಲಿಗೆ ಕೊಟ್ಟೆ. ಈಗ ಮೇಜು 36 ಇಂಚು. ನಿಂತು ಕತ್ತರಿಸುತ್ತೇನೆ, ಬೆನ್ನಿಗೆ ಎಷ್ಟೋ ಹಾಯೆನಿಸಿದೆ. ಪೈಪು ಗೋಡೆಗೆ ಬದಲು ಬೀರುವಿನಿಂದ ಕಿಟಕಿ ಸರಳಿಗೆ ಕಟ್ಟಿದ್ದೇನೆ, ಗಟ್ಟಿಯಾಗಿದೆ. ಮಷಿನ್ನು ಕಿಟಕಿ ಕಡೆಗೆ ಬಂತು. ಎಲ್ಲ ಸೇರಿ 1640 ರೂಪಾಯಿ ಖರ್ಚಾಯ್ತು. ಒಂದು ಗೋಣಿ ಕಾಟನ್ ತುಂಡು ಕೌದಿ ಹೊಲಿಯುವ ಅಜ್ಜಿಯೊಬ್ಬರಿಗೆ ಕೊಟ್ಟೆ. ಪಾಲಿಸ್ಟರ್ ಗೋಣಿ ಇನ್ನೂ ಅಟ್ಟದ ಮೇಲೇ ಇದೆ.

ಅಕ್ಕ, ನೀವು ಕೇಳಿದ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಹುಡುಗಿ ತವರಿಗೆ ಬಂದಿದ್ದಳು. ಹೋದ ಮಂಗಳವಾರ ಆ ಪೀಸು ತೆಗೆದುಕೊಂಡು ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು ಏನು ಹೇಳಬೇಕೋ ತಿಳಿಯದೆ ಸುಮ್ನೆ ಪೀಸನ್ನು ಮುಂದೆ ಹಿಡಿದೆ. ಹುಡುಗಿ ಒಳಗೆ ಹೋಗಿ ಧಾರೆ ಸೀರೆ ತಂದು, ಸೆರಗಿನ ಪಕ್ಕ ಇಟ್ಟು ನೋಡಿದಳು. ಅಂಚಿಗೆ ಅಂಚು ಕೂಡಿತು. "ಅಳತೆ ತಗೊಳ್ಳಿ ಅಕ್ಕ, ವರಮಹಾಲಕ್ಷ್ಮಿಗೆ ಇದೇ ಸೀರೆ ಉಡ್ತೀನಿ" ಅಂದಳು. ಅವಳ ಅಮ್ಮ ಕಾಫಿ ಕೊಟ್ಟರು.

ಈಗ ಅದು 1ನೇ ನಂಬರಿನ ಚೀಲದಲ್ಲಿ ಬಾಗಿಲ ಕಡೆಯ ಮೊದಲ ಕೊಕ್ಕೆಯಲ್ಲಿದೆ. ನನ್ನ ಪ್ರಶ್ನೆ ಏನೆಂದರೆ, ಅವಳಿಗೆ ಈಗ ತೋಳು ಮೊಣಕೈ ತನಕ, 10 ಇಂಚು ಬೇಕಂತೆ. ಪೀಸು 80 ಸೆಂಟಿಮೀಟರ್ ಇದೆ. ಅಂಚು ಒಂದೇ ಕಡೆ. ಸಾಲುತ್ತಾ? ಕತ್ತರಿ ಹಾಕುವುದಕ್ಕೆ ಕೈ ಬರುತ್ತಿಲ್ಲ.

ಹಳೇಕತ್ತರಿ, ಮೈಸೂರು

ಸಾಲುತ್ತೆ ಕಣಮ್ಮ. ಎರಡೂ ತೋಳನ್ನು ಅಂಚಿನ ಉದ್ದಕ್ಕೆ ಒಂದರ ಪಕ್ಕ ಒಂದು ಇಡಿ. ಒಂದೊಂದು 14 ಇಂಚು ಅಗಲ ಹಿಡಿದರೂ 28 ಆಯ್ತು, ನಿಮ್ಮ ಹತ್ತಿರ 31 ಇಂಚಿಗಿಂತ ಹತ್ತಿರ ಹತ್ತಿರ ಅರ್ಧ ಇಂಚು ಜಾಸ್ತಿಯೇ ಇದೆ. ಮೊದಲು ತೋಳು ಕತ್ತರಿಸಿ, ಉಳಿದ ಅಗಲದಲ್ಲಿ ಬೆನ್ನು, ಆಮೇಲೆ ಮುಂಭಾಗ. ಹಳೆ ಚಾಕಿನ ಗುರುತನ್ನು ಮೊದಲು ಬ್ರಷ್‌ನಿಂದ ಉದುರಿಸಿ. ಪೇಪರ್ ಕಟಿಂಗ್ ಮಾಡಿ ಪೀಸಿನ ಮೇಲೆ ಹರಡಿ ಒಂದು ಸಲ ನೋಡಿಕೊಳ್ಳಿ, ಆಮೇಲೆ ಬೆಳಗಿನ ಬೆಳಕಿನಲ್ಲಿ ಕತ್ತರಿ ಹಾಕಿ. ಸೂಜಿ 11ನೇ ನಂಬರು, ಹೊಸದು.